ನಾಲ್ಕು ಡೆಸ್ಕ್‌ಟಾಪಿನ ಛತ್ರಿ ಸಾಹೇಬರು

ಭಾವಮೈದುನನ ಮೇಲೆ ಸಿಟ್ಟು ಬರಲು ಛತ್ರಿ ಸಾಹೇಬರಿಗೆ ವಿಶೇಷ ಕಾರಣವೇನೂ ಬೇಕಿರಲಿಲ್ಲ. ಅವನು ಗೇಟಿನ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲು ಒಮ್ಮೆ ಹಾರನ್ ಒತ್ತುತ್ತಿದ್ದನಲ್ಲ, ಅಷ್ಟೇ ಸಾಕಾಗಿತ್ತು. ಆದರೆ ಆ ಭಾನುವಾರ ಕಾರಣವೂ ಇತ್ತು.

ಭಾವಮೈದುನ ಸ್ನಾನದ ಮನೆಯ ಟೈಲ್ಸ್ ಮಾರುವವನು. ಅಕ್ಕನ ಮನೆಗೆ ಊಟಕ್ಕೆ ಬಂದಾಗಲೆಲ್ಲ, ತಾನು ಹೊಸದಾಗಿ ಕೊಂಡದ್ದರ ವರದಿ ಒಪ್ಪಿಸದೆ ಅವನು ಕೈ ತೊಳೆದವನೇ ಅಲ್ಲ. ಹಿಂದಿನ ಸಲ ಫ್ರಿಜ್ಜು, ಅದಕ್ಕೂ ಹಿಂದೆ ತಾನೇ ತಿರುಗುವ ಕುರ್ಚಿ. ಕುರ್ಚಿ ತಾನೇ ತಿರುಗಿದರೆ ಕೂತವನ ಕೆಲಸವೇನು ಎಂದು ಸಾಹೇಬರು ಆಗ ಕೇಳಬೇಕೆಂದಿದ್ದರು, ಹೆಂಡತಿಯ ಕಣ್ಣು ನೋಡಿ ಸುಮ್ಮನಾಗಿದ್ದರು. ಈ ಸಲ ಅವನು ತಟ್ಟೆಯಿಂದ ತಲೆ ಎತ್ತಿ, "ಭಾವ, ಅಂಗಡಿಗೆ ಎರಡು ಡೆಸ್ಕ್‌ಟಾಪ್ ಹಾಕಿಸಿದೆ. ನಿಮ್ಮ ಆಫೀಸಲ್ಲಿ ಪಾಪ, ಇನ್ನೂ ಒಂದೇ ಇರಬೇಕು," ಎಂದ.

ಒಂದೇ ಎಂದಿದ್ದರೆ ಸಾಹೇಬರು ಸಹಿಸುತ್ತಿದ್ದರೋ ಏನೋ. ಆ 'ಪಾಪ' ಗಂಟಲಲ್ಲಿ ಸಿಕ್ಕಿಕೊಂಡಿತು. ಅವರು ನಿಧಾನವಾಗಿ ನೀರು ಕುಡಿದರು, ಲೋಟ ಕೆಳಗಿಟ್ಟರು, ಮೀಸೆ ಒರೆಸಿಕೊಂಡರು.

"ನನಗೆ ನಾಲ್ಕಿವೆ," ಎಂದರು.

ಅದು ಸುಳ್ಳಲ್ಲ. ಈ ಕಥೆಯ ಸಂಕಟವೆಲ್ಲ ಅದು ಸುಳ್ಳಲ್ಲ ಎನ್ನುವುದರಲ್ಲೇ ಇದೆ. ಸುಳ್ಳಾಗಿದ್ದರೆ ಸಾಹೇಬರು ಮರುದಿನವೇ ಒಪ್ಪಿಕೊಂಡು, ನಕ್ಕು, ಬಿಟ್ಟುಬಿಡುತ್ತಿದ್ದರು. ನಿಜ ಹೇಳಿದವನಿಗೆ ಆ ಅನುಕೂಲ ಇರುವುದಿಲ್ಲ.

ಸಾಹೇಬರು ನಗರದ ಬಸ್ ಸಂಸ್ಥೆಯಲ್ಲಿ ನೌಕರ. ದೊಡ್ಡ ಬಸ್ ನಿಲ್ದಾಣದ ಮೆಟ್ಟಿಲುಗಳ ಕೆಳಗೆ, ಎತ್ತರದವರು ಬಗ್ಗಿಕೊಂಡೇ ಒಳಗೆ ಬರಬೇಕಾದ ಒಂದು ಕೋಣೆಯಿದೆ. ಜನ ಬಸ್ಸಿನಲ್ಲಿ ಮರೆತು ಹೋದದ್ದೆಲ್ಲ ಅಲ್ಲಿಗೆ ಬರುತ್ತದೆ: ಚೀಲ, ಸೂಟ್‌ಕೇಸು, ಕನ್ನಡಕ, ಟೋಪಿ, ಊರುಗೋಲು. ಊರುಗೋಲು ಹಿಡಿದು ಬಸ್ಸು ಹತ್ತಿದವನು ಅದಿಲ್ಲದೆ ಇಳಿದು ಹೇಗೆ ನಡೆದುಹೋದ ಎಂಬ ಪ್ರಶ್ನೆಯನ್ನು ಸಾಹೇಬರು ವರ್ಷಗಳಿಂದ ಯೋಚಿಸುತ್ತಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಬರುವುದು ಛತ್ರಿ. ಅದಕ್ಕೇ ಆ ಹೆಸರು. ಛತ್ರಿ ಎನ್ನುವ ಮಾತಿಗೆ ಪಾಕಡಾ ಮನುಷ್ಯ, ಮೋಸಗಾರ ಎಂಬ ಇನ್ನೊಂದು ಅರ್ಥವೂ ಇದೆ ಎಂದು ಸಾಹೇಬರಿಗೆ ಗೊತ್ತಿರಲಿಲ್ಲವೆಂದಲ್ಲ. ತಮ್ಮನ್ನು ಬಲ್ಲವರು ಆ ಅರ್ಥದಲ್ಲಿ ಕರೆಯಲಾರರು ಎಂಬ ನಂಬಿಕೆ ಅವರದು. ಅರಿಯದವರ ವಿಷಯ ಅವರು ಯೋಚಿಸಿರಲಿಲ್ಲ.

ಆ ಕೋಣೆಯಲ್ಲಿ ಸಾಹೇಬರ ಇಷ್ಟಕ್ಕೆ ಬಿಟ್ಟದ್ದು ಯಾವುದೂ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು, ಮೇಜಿನ ಕಾಲಿಗೆ ನಂಬರು, ಫ್ಯಾನಿನ ರೆಕ್ಕೆಗೂ ನಂಬರು. ಮೇಜನ್ನು ಬೆಳಕಿನ ಕಡೆ ತಿರುಗಿಸಲು ಒಮ್ಮೆ ಅನುಮತಿ ಕೇಳಿದ್ದಕ್ಕೆ, ಮೇಜು ಇದ್ದಲ್ಲೇ ಇರತಕ್ಕದ್ದು ಎಂದು ಉತ್ತರ ಬಂದಿತ್ತು. ಹೀಗಿರುವಾಗ ಕಂಪ್ಯೂಟರ್ ವಿಭಾಗದಾಕೆ ಒಬ್ಬಳು ಬಂದು, ಅವರ ಕಂಪ್ಯೂಟರಿನ ಹಳೆಯ ವ್ಯವಸ್ಥೆ ತೆಗೆದು ಹೊಸದು ಹಾಕಿ, ಪರದೆ ತೋರಿಸಿ ಹೇಳಿದಳು: ಇದಕ್ಕೆ ಡೆಸ್ಕ್‌ಟಾಪ್ ಅಂತಾರೆ ಸಾರ್, ಇದೂ ಒಂದು ಮೇಜು ಇದ್ದ ಹಾಗೆ, ಏನೇನು ಎಲ್ಲೆಲ್ಲಿ ಇಟ್ಕೋಬೇಕು ಅನ್ನೋದು ನಿಮ್ಮಿಷ್ಟ.

ನಿಮ್ಮಿಷ್ಟ ಎಂಬ ಮಾತನ್ನು ಸಾಹೇಬರು ತಮ್ಮ ಸೇವಾವಧಿಯಲ್ಲಿ ಕೇಳಿದ್ದು ಅದೇ ಮೊದಲು.

ಆಮೇಲೆ ಅವರು ಹಿಂದಿರುಗಿ ನೋಡಲೇ ಇಲ್ಲ. ಕೆಳಗಿದ್ದ ಪಟ್ಟಿಯನ್ನು ಎಡಕ್ಕೆ ಎತ್ತಿ ನಿಲ್ಲಿಸಿದರು, ಅವರು ಎಡಚರಾದ್ದರಿಂದ. ಅಕ್ಷರ ದೊಡ್ಡದು ಮಾಡಿದರು, ಬಾಣದ ಗುರುತಿಗೆ ಕೆಂಪು ಬಣ್ಣ ಕೊಟ್ಟರು, ಮೂಲೆಯಲ್ಲಿ ಮುಳ್ಳಿನ ಗಡಿಯಾರ ತೂಗುಹಾಕಿದರು. ಒಂದು ಗುಂಡಿ ಒತ್ತಿದರೆ ಇಡೀ ಮೇಜು ಪಕ್ಕಕ್ಕೆ ಸರಿದು ಇನ್ನೊಂದು ಖಾಲಿ ಮೇಜು ಬರುತ್ತದೆ, ಮೊದಲನೆಯದರ ಮೇಲೆ ಹರಡಿದ್ದು ಹರಡಿದ ಹಾಗೇ ಇರುತ್ತದೆ ಎಂದು ತಿಳಿದ ದಿನ ಅವರಿಗೆ ಊಟ ರುಚಿಸಲಿಲ್ಲ, ಅಷ್ಟು ಸಂತೋಷ. ಹಾಗೆ ನಾಲ್ಕು ಮೇಜು ಮಾಡಿಕೊಂಡರು. ಮೊದಲನೆಯದರಲ್ಲಿ ಛತ್ರಿಗಳ ಲೆಕ್ಕ, ಹಿಂದೆ ಸಮುದ್ರದ ಚಿತ್ರ. ಎರಡನೆಯದರಲ್ಲಿ ಚೀಲ, ಪೆಟ್ಟಿಗೆ, ಹಿಂದೆ ಬೆಟ್ಟ. ಮೂರನೆಯದರಲ್ಲಿ ಬಟ್ಟೆಬರೆ, ಹಿಂದೆ ಕೋಟು ತೊಟ್ಟ ಸ್ವತಃ ಸಾಹೇಬರು. ನಾಲ್ಕನೆಯದರ ವಿಷಯ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಈ ಅಲಂಕಾರ ನಡೆದಷ್ಟು ಕಾಲ ಛತ್ರಿ ಕೇಳಿಕೊಂಡು ಬಂದವರು ಕೌಂಟರಿನ ಆಚೆ ನಿಂತೇ ಇರುತ್ತಿದ್ದರು. ಹೇಗೂ ಮಳೆ ಇರಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ.

ಭಾನುವಾರದ ಊಟಕ್ಕೆ ಮರಳೋಣ. ನಾಲ್ಕು ಎಂದದ್ದೇ ತಡ ಭಾವಮೈದುನನ ಮುಖ ಸಪ್ಪಗಾಯಿತು. ಸಾಹೇಬರು ಅದನ್ನು ಕಣ್ತುಂಬ ನೋಡಿದರು. ವಿವರಿಸಲು ಹೋಗಲಿಲ್ಲ. ಟೈಲ್ಸ್ ಮಾರುವವನಿಗೆ ಏನೆಂದು ವಿವರಿಸುವುದು?

ಅವರು ವಿವರಿಸದಿದ್ದದ್ದನ್ನು ಅವರ ಹೆಂಡತಿ ಸಂಜೆಯೊಳಗೆ ಬೀದಿಗೆಲ್ಲ ವಿವರಿಸಿದರು. ತಮ್ಮನ ಅಂಗಡಿಯಲ್ಲಿ ಎರಡು, ತಮ್ಮ ಯಜಮಾನರಿಗೆ ಒಬ್ಬರಿಗೇ ನಾಲ್ಕು ಎಂದು ಅವರು ಹೇಳಿದ್ದು ಮುಖ್ಯವಾಗಿ ಎದುರುಮನೆಯ ಮೇಷ್ಟ್ರ ಹೆಂಡತಿಗೆ. ಕೇಳಿಸಿಕೊಂಡದ್ದು ಕಿಟಕಿಯ ಒಳಗಿದ್ದ ಮೇಷ್ಟ್ರು. ನಿವೃತ್ತರಾದ ಮೇಲೆ ಮೇಷ್ಟ್ರು ತಿದ್ದಲು ಉತ್ತರಪತ್ರಿಕೆಗಳು ಸಿಗದೆ ಸಮಾಜವನ್ನು ತಿದ್ದುತ್ತಿದ್ದರು. ಅದೇ ವಾರ ಬಸ್ ಪಾಸು ಮಾಡಿಸಲು ಅವರು ಕೇಂದ್ರ ಕಚೇರಿಯಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತರು. ಕೌಂಟರಿನಾಕೆ, ಏನು ಮಾಡಲಿ, ಇರೋದು ಒಂದೇ ಕಂಪ್ಯೂಟರು, ಅದೂ ಆಗಾಗ ನಿಲ್ಲುತ್ತೆ ಎಂದಳು. ಮೇಷ್ಟ್ರು ಕನ್ನಡಕ ತೆಗೆದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಮೆಟ್ಟಿಲ ಕೆಳಗೆ ಛತ್ರಿ ಕಾಯುವವನಿಗೆ ನಾಲ್ಕು ಡೆಸ್ಕ್‌ಟಾಪ್ ಕೊಟ್ಟಿದ್ದೀರಿ, ಜನ ಸಾಲಿನಲ್ಲಿ ಸಾಯುವ ಕಡೆ ಒಂದು, ಇದು ಯಾವ ನ್ಯಾಯ ಎಂದು ವಿಚಾರಿಸಿದರು. ಆ ಮಾತು ಕೌಂಟರಿನಾಕೆಯ ಹೊಟ್ಟೆಗೆ ಬೆಂಕಿ ಹಚ್ಚಿತು. ಊಟದ ಹೊತ್ತಿಗೆ ಅದು ಉಗ್ರಾಣದ ಮೇಡಂ ಅವರ ಕಿವಿ ಮುಟ್ಟಿತು.

ಉಗ್ರಾಣದ ಮೇಡಂ ಎಂದರೆ ಸಂಸ್ಥೆಯ ಸೂಜಿ ದಾರಕ್ಕೂ ಲೆಕ್ಕ ಇಟ್ಟವರು. ಕಾಣೆಯಾದ ಒಂದು ಬಕೆಟ್ಟಿಗಾಗಿ ಇಡೀ ಗ್ಯಾರೇಜಿನ ಬಸ್ಸುಗಳನ್ನು ಹೊರಕ್ಕೆ ತೆಗೆಸಿದವರು. ಅವರು ನೇರ ಫೋನು ಹಚ್ಚಿದರು.

"ನಿಮ್ಮ ಹತ್ರ ಎಷ್ಟು ಡೆಸ್ಕ್‌ಟಾಪ್ ಇವೆ?"

ಇಷ್ಟು ವರ್ಷಗಳಲ್ಲಿ ಕೇಂದ್ರ ಕಚೇರಿ ತಮ್ಮ ಕೆಲಸದ ಬಗ್ಗೆ ಆಸಕ್ತಿ ತೋರಿಸಿದ್ದು ಇದೇ ಮೊದಲು ಎಂದು ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. "ನಾಲ್ಕು ಮೇಡಂ. ನಾಲ್ಕೂ ಚೆನ್ನಾಗಿ ನಡೀತಿವೆ."

"ನಾಲ್ಕನ್ನೂ ನೀವೊಬ್ರೇ ಬಳಸ್ತೀರಾ?"

"ಒಂದರಲ್ಲಿ ಛತ್ರಿ, ಒಂದರಲ್ಲಿ ಚೀಲ, ಒಂದರಲ್ಲಿ ಬಟ್ಟೆ," ಎಂದು ಸಾಹೇಬರು ಸ್ವಲ್ಪ ಕೆಮ್ಮಿ, "ಒಂದು ಹಾಗೇ ಇದೆ," ಎಂದರು.

"ಯಾರು ಕೊಟ್ರು ನಿಮಗೆ?"

"ಯಾರೂ ಕೊಟ್ಟಿಲ್ಲ ಮೇಡಂ. ನಾನೇ ಮಾಡ್ಕೊಂಡೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅದು ಮೆಚ್ಚುಗೆಯ ಮೌನ ಎಂದು ತಿಳಿದ ಸಾಹೇಬರು, "ಬೇಕಂದ್ರೆ ಇನ್ನೂ ಮಾಡ್ಕೋಬಹುದು. ಸದ್ಯಕ್ಕೆ ಇಷ್ಟು ಸಾಕು ಅಂತ ಬಿಟ್ಟಿದ್ದೀನಿ," ಎಂದು ಸೇರಿಸಿದರು.

ಮರುದಿನ ಬೆಳಿಗ್ಗೆ ಉಗ್ರಾಣದ ವ್ಯಾನು ಬಂತು. ಅದರಿಂದ ಇಳಿದ ಇಬ್ಬರು ಆಳುಗಳು ಬಗ್ಗಿ ಒಳಗೆ ಬಂದು, ಮೂರು ಡೆಸ್ಕ್‌ಟಾಪ್ ಒಯ್ಯಲು ಬಂದಿದ್ದೇವೆ, ಒಂದು ನಿಮಗಿರಲಿ ಅಂತ ಮೇಡಂ ಹೇಳಿದ್ದಾರೆ ಎಂದರು. ಸಾಹೇಬರಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ತಾವು ಕಣ್ಣು ನೋಯಿಸಿಕೊಂಡು ಸಿಂಗರಿಸಿದ ಮೇಜುಗಳನ್ನು ಬೇರೆಯವರಿಗೆ ಕೊಡುವುದೆಂದರೇನು? ಅವು ಹಾಗೆ ಎತ್ತಿಕೊಂಡು ಹೋಗೋ ವಸ್ತುವಲ್ಲ ಎಂದರು. ಭಾರ ಇದ್ದರೆ ಇನ್ನೊಬ್ಬನನ್ನು ಕರೀತೀವಿ ಎಂದ ಆಳು. ಅವು ಈ ಒಂದರ ಒಳಗೇ ಇವೆ ಎಂದರು ಸಾಹೇಬರು. ಆಳುಗಳು ಆ ಒಂದನ್ನು ನೋಡಿದರು, ಅದರ ಹಿಂದೆ ನೋಡಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ವ್ಯಾನು ಹತ್ತಿ ಹೋಗಿ, ಕೊಡಲ್ಲ ಅಂದ್ರು, ಎಲ್ಲೋ ಒಳಗೆ ಬಚ್ಚಿಟ್ಟಿದ್ದಾರೆ ಎಂದು ವರದಿ ಮಾಡಿದರು.

ಮೇಡಂ ಅನ್ಯಾಯ ಮಾಡುವವರಲ್ಲ. ಇನ್ನೊಂದು ಊರಿನ ನಿಲ್ದಾಣಕ್ಕೆ ಹೋಗಿದ್ದ ಕಂಪ್ಯೂಟರ್ ವಿಭಾಗದಾಕೆಯನ್ನು ಫೋನಿನಲ್ಲಿ ಹಿಡಿದು ವಿಚಾರಿಸಿದರು. ಅವಳು ಏಣಿಯ ಮೇಲೆ ನಿಂತು ತಂತಿ ಎಳೆಯುತ್ತಿದ್ದಳು. ಅವಸರದಲ್ಲಿ ಇದ್ದ ಸತ್ಯವನ್ನೇ ಹೇಳಿದಳು: ನಾಲ್ಕು ಅಂತ ಕಾಣುತ್ತೆ ಮೇಡಂ, ನಿಜವಾಗಿ ಇರೋದು ಒಂದೇ, ಉಳಿದ ಮೂರು ಇಲ್ಲ. ಸಾಹೇಬರನ್ನು ಕಾಪಾಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ ಎಂದು ಅವಳು ತಿಳಿದಿರಬೇಕು. ಮೇಡಂ ಅದನ್ನು ಹೀಗೆ ಗ್ರಹಿಸಿದರು: ನಾಲ್ಕಿದ್ದವು, ಮೂರು ಈಗ ಇಲ್ಲ. ಸಂಸ್ಥೆ ಕೊಟ್ಟದ್ದು ಒಂದೇ ಆದ್ದರಿಂದ ಆ ಮೂರು ಬಸ್ಸಿನಲ್ಲಿ ಪ್ರಯಾಣಿಕರು ಮರೆತು ಹೋದವೇ ಇರಬೇಕು. ಸಾಹೇಬರು ಫೋನಿನಲ್ಲಿ ಆಡಿದ ಮಾತನ್ನು ನೆನಪಿಸಿಕೊಂಡರೆ, ತಾನೇ ಮಾಡಿಕೊಂಡೆ ಎಂದು ಮನುಷ್ಯ ಬಾಯಿಬಿಟ್ಟು ಒಪ್ಪಿಕೊಂಡೂ ಇದ್ದಾನೆ.

ಉಳಿದದ್ದು ಅವು ಎಲ್ಲಿಗೆ ಹೋದವು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಮೇಷ್ಟ್ರಲ್ಲಿತ್ತು. ತಮ್ಮ ಪ್ರಶ್ನೆ ಏನಾಯಿತೆಂದು ತಿಳಿಯಲು ಕೇಂದ್ರ ಕಚೇರಿಗೆ ಮತ್ತೆ ಹೋದವರು, ಆ ಮನುಷ್ಯನ ಭಾವಮೈದುನನ ಟೈಲ್ಸ್ ಅಂಗಡಿಗೆ ಈಚೆಗೆ ಎರಡು ಡೆಸ್ಕ್‌ಟಾಪ್ ಬಂದಿವೆ, ನಾನು ಆರೋಪ ಮಾಡುತ್ತಿಲ್ಲ, ಕೂಡುವ ಲೆಕ್ಕ ಹೇಳುತ್ತಿದ್ದೇನೆ ಅಷ್ಟೆ ಎಂದರು.

ಹಾಗಾಗಿ ಸಂಸ್ಥೆಯ ಇಬ್ಬರು ಕಾವಲು ಸಿಬ್ಬಂದಿ ಟೈಲ್ಸ್ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೆ, ಈ ಎರಡು ನಿಮಗೆ ಎಲ್ಲಿಂದ ಬಂದವು ಎಂದು ಕೇಳಿದರು. ಅವತ್ತು ಸಂಜೆ ಗೇಟಿನ ಮುಂದೆ ಹಾರನ್ ಬಿಡದೆ ಕೂಗಿತು.

"ಅಕ್ಕ, ನಿನ್ನ ಗಂಡನಿಂದ ನನ್ನ ಅಂಗಡಿಗೆ ಪಹರೆ ಬಂತು," ಎನ್ನುತ್ತಲೇ ಭಾವಮೈದುನ ಒಳಗೆ ನುಗ್ಗಿದ. ಒಂದು ಮನೆಯವರು ಮೂರು ಸ್ನಾನದ ಮನೆಗೆ ಆಗುವಷ್ಟು ಟೈಲ್ಸ್ ಆರಿಸಿ ಇಟ್ಟಿದ್ದವರು ಕಳ್ಳಮಾಲು ಬೇಡ ಅಂತ ಹೊರಟುಹೋದರು ಎಂದು ಗೋಳಾಡಿದ. ಸಾಹೇಬರು ಕೆಂಡಾಮಂಡಲವಾದರು. ಕಳ್ಳತನದ ಆರೋಪ ಬಂದಿರುವುದು ತಮ್ಮ ಮೇಲೆ, ಅಳುತ್ತಿರುವವನು ಇವನು, ತಮ್ಮ ಅವಮಾನದಲ್ಲೂ ಇವನೇ ಮುಂದೆ ನಿಲ್ಲಬೇಕೇ?

"ನಾಲ್ಕು ಅಂದ್ರಲ್ಲ ಭಾವ, ಎಲ್ಲಿವೆ ಹೇಳಿಬಿಡಿ, ಮುಗೀತು," ಎಂದ ಭಾವಮೈದುನ.

"ಒಂದರಲ್ಲೇ ನಾಲ್ಕೂ ಇವೆ."

ಹೆಂಡತಿ ತಮ್ಮನ ಕಡೆ ತಿರುಗಿ, ಮೆಲ್ಲಗೆ, ಅವರಿಗೆ ಈಚೆಗೆ ಸ್ವಲ್ಪ ಕೆಲಸ ಜಾಸ್ತಿ ಎಂದರು. ಆ ದನಿಯಲ್ಲಿದ್ದ ಕರುಣೆ ಸಾಹೇಬರಿಗೆ ಆರೋಪಕ್ಕಿಂತ ಹೆಚ್ಚು ಚುಚ್ಚಿತು. ಒಂದರಲ್ಲಿ ನಾಲ್ಕು ಹೇಗೆ ಇರುತ್ತವೆಂದು ಅವರು ತಟ್ಟೆಯ ಮೇಲೆ ತಟ್ಟೆ ಇಟ್ಟು, ಮೇಲಿನದನ್ನು ಸರಿಸಿ ಕೆಳಗಿನದನ್ನು ತೋರಿಸಿದರು. ಹಾಗಾದರೆ ತಟ್ಟೆ ನಾಲ್ಕಿವೆಯಲ್ಲ, ಒಂದಲ್ಲವಲ್ಲ ಎಂದು ಹೆಂಡತಿ ಎಣಿಸಿ ಹೇಳಿದರು. ಸಾಹೇಬರು ತಟ್ಟೆಗಳನ್ನು ಅಲ್ಲೇ ಬಿಟ್ಟು ಮಲಗಲು ಹೋದರು. ಇನ್ನು ತಾವು ಯಾರಿಗೂ ಯಾವುದನ್ನೂ ವಿವರಿಸುವುದಿಲ್ಲ ಎಂದು ನಿಶ್ಚಯಿಸಿದರು. ಕೆಲಸಕ್ಕೆ ಸೇರಿದಂದಿನಿಂದ ಒಂದು ಛತ್ರಿಯನ್ನು, ಜೋರು ಮಳೆಯಲ್ಲಿ ಕೂಡ, ಮನೆಯವರೆಗೆ ಬಿಚ್ಚಿಕೊಂಡು ಹೋಗದ ಮನುಷ್ಯ ತಾನು. ಛತ್ರಿಗಳ ನಡುವೆ ಕೂತು ಎಷ್ಟು ಸಲ ನೆನೆದುಕೊಂಡು ಮನೆಗೆ ಬಂದಿಲ್ಲ? ನೆಗಡಿಯೇ ಸಾಕ್ಷಿ. ಇಂಥವನು ತಾನು ಕಳ್ಳನಲ್ಲ ಎಂದು ಬಾಯಿಬಿಟ್ಟು ಹೇಳಬೇಕೇ?

ಹೇಳಬೇಕಾದ ದಿನ ಬಂದೇ ಬಂತು. ಮೇಡಂ ತಾವೇ ತನಿಖೆಗೆ ಬಂದರು. ಜೊತೆಗೆ ಆ ಇಬ್ಬರು ಆಳುಗಳು, ಒಬ್ಬ ಕಾವಲುಗಾರ. ಕಾವಲುಗಾರ ಬಾಗಿಲಲ್ಲಿ ಟಿಕೆಟ್ ಕೌಂಟರಿನ ಗುಮಾಸ್ತನನ್ನು, ಛತ್ರಿ ಅಂತಾರಲ್ಲ, ಇವರೇನಾ ಎಂದು ಕೇಳಿದ. ಗುಮಾಸ್ತ ಪ್ರೀತಿಯಿಂದಲೇ, ಹೌದು, ನಮ್ಮೆಲ್ಲರಿಗೂ ಇವರು ಛತ್ರಿನೇ ಎಂದ. ಮೇಡಂ ಅದನ್ನು ಕೇಳಿಸಿಕೊಂಡು ತಲೆದೂಗಿದರು.

ಮೊದಲು ಅವರು ಮಾಡಿದ್ದು ಕಂಪ್ಯೂಟರಿಗೆ ಸೀಲು ಹಾಕಿದ್ದು. ಯಾರೂ ಸಾಕ್ಷಿಯನ್ನು ಮುಟ್ಟಬಾರದೆಂದು, ನಡೆಯುತ್ತಿದ್ದ ಹಾಗೇ ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ, ಸುತ್ತ ಟೇಪು ಬಿಗಿದು, ಟೇಪಿನ ಮೇಲೆ ರುಜು ಹಾಕಿದರು. ಒಳಗೆ ಅದು ಗುರ್ ಎನ್ನುತ್ತಲೇ ಇತ್ತು. ಸಾಹೇಬರು ಎರಡು ದಿನದ ಮೌನ ಮುರಿದು, ಆ ಬಟ್ಟೆ ತೆಗೆದರೆ ಈಗಲೇ ನಾಲ್ಕನ್ನೂ ತೋರಿಸುತ್ತೇನೆ ಎಂದರು.

"ಮೊದಲು ಆ ಮೂರನ್ನ ತೋರಿಸಿ," ಎಂದರು ಮೇಡಂ. "ಇದನ್ನ ಆಮೇಲೆ ನೋಡೋಣ."

ಆಮೇಲೆ ಕಪಾಟುಗಳನ್ನು ಖಾಲಿ ಮಾಡುವ ಕೆಲಸ ಶುರುವಾಯಿತು. ಆಳುಗಳು ಸ್ಟೂಲು ಹತ್ತಿ ಮೇಲಿಂದ ಸೂಟ್‌ಕೇಸುಗಳನ್ನು ಇಳಿಸಿದರು, ಚೀಲಗಳನ್ನು ಇಳಿಸಿದರು, ಛತ್ರಿಗಳ ಕಟ್ಟುಗಳನ್ನು ಸೌದೆಯಂತೆ ನೆಲಕ್ಕೆ ಒಗೆದರು. ಟೋಪಿಗಳ ಮೇಲೆ ಊರುಗೋಲು ಬಿತ್ತು. ಅಂಗುಲ ಅಂಗುಲಕ್ಕೂ ಸಾಹೇಬರು ಜಾಗ ನಿಗದಿಮಾಡಿ ಜೋಡಿಸಿದ್ದು ಒಂದು ತಾಸಿನೊಳಗೆ ಕಲಸಿದಂತಾಯಿತು. ಹೊರಗೆ ಜನ ಸೇರಿದರು. ಬುತ್ತಿಯ ಡಬ್ಬಿ ಕಳೆದುಕೊಂಡು ಕೇಳಲು ಬಂದಿದ್ದ ಕಿವಿ ಮಂದದ ಮುದುಕರೊಬ್ಬರು ಕೌಂಟರಿಗೆ ಒರಗಿ ಎಲ್ಲವನ್ನೂ ನೋಡುತ್ತ, ಅಂಗಡಿ ಮುಚ್ಚುತ್ತಿದ್ದೀರಾ ಎಂದು ಸಾಹೇಬರನ್ನು ವಿಚಾರಿಸಿದರು. ಸಾಹೇಬರು ಕೈಕಟ್ಟಿ ನಿಂತಿದ್ದರು. ಪಿತ್ತ ನೆತ್ತಿಗೇರಿ ಅವರ ಕಿವಿಯ ತುದಿ ಕೆಂಪಾಗಿತ್ತು. ಮೂರು ಡೆಸ್ಕ್‌ಟಾಪ್ ಸಿಗಲಿಲ್ಲ. ಒಂದೂ ಸಿಗಲಿಲ್ಲ.

ಮೇಲಿನ ಅಟ್ಟದ ಮೂಲೆಯಿಂದ ಆಳು ಒಂದು ಪ್ಲಾಸ್ಟಿಕ್ ಚೀಲ ಎಳೆದು ಕೆಳಗೆ ಹಾಕಿದ. ಚೀಲದೊಳಗೆ ಮಡಿಸಿಟ್ಟ ನೀಲಿ ಸ್ವೆಟರು. ಪೂರ್ತಿಯಾಗಿರಲಿಲ್ಲ, ಕುತ್ತಿಗೆಯ ಹತ್ತಿರ ಹೆಣಿಗೆಯ ಕಡ್ಡಿಗಳು ಇನ್ನೂ ಸಿಕ್ಕಿಸಿದ ಹಾಗೇ ಇದ್ದವು. ಅದಕ್ಕೊಂದು ನಂಬರಿನ ಚೀಟಿ ಕಟ್ಟಿತ್ತು.

ಮುಂದಿನ ಪೆಟ್ಟಿಗೆ ಇಳಿಸಿ ಎನ್ನಲು ಬಾಯಿ ತೆರೆದಿದ್ದ ಮೇಡಂ ಹಾಗೇ ನಿಂತುಬಿಟ್ಟರು. ಬಗ್ಗಿ ಚೀಲ ಎತ್ತಿಕೊಂಡರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಂದು," ಎಂದರು.

ಸಾಹೇಬರ ಕಟ್ಟಿದ ಕೈ ಸಡಿಲವಾಯಿತು. ಅವರು ಕೌಂಟರಿನ ಹಿಂದೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ಕನ್ನಡಕ ಹಾಕಿಕೊಂಡರು.

"ಎಲ್ಲರೂ ಹಾಗೇ ಹೇಳ್ತಾರೆ ಮೇಡಂ," ಎಂದರು.

ಮೇಡಂ ಹೇಳಿದ್ದು ಇಷ್ಟು. ಹೋದ ವರ್ಷ ಚಳಿ ಶುರುವಾಗುವ ಮೊದಲು ತಮ್ಮ ಯಜಮಾನರಿಗೆಂದು ಹೆಣೆಯುತ್ತಿದ್ದರು. ಕಚೇರಿಗೆ ಹೋಗಿಬರುವಾಗ ಬಸ್ಸಿನಲ್ಲೇ ಹೆಣಿಗೆ. ಒಂದು ದಿನ ನಿಲ್ದಾಣ ದಾಟಿಹೋಯಿತೆಂದು ಗಡಿಬಿಡಿಯಲ್ಲಿ ಇಳಿದಾಗ ಚೀಲ ಸೀಟಿನಲ್ಲೇ ಉಳಿಯಿತು. ಅವರ ಯಜಮಾನರು ಆ ಚಳಿಗಾಲವನ್ನೆಲ್ಲ ಹಳೆಯ ಶಾಲಿನಲ್ಲಿ ಕಳೆದರು.

"ಕೇಳೋಕೆ ಯಾಕೆ ಬರಲಿಲ್ಲ?" ಎಂದರು ಸಾಹೇಬರು.

ಮೇಡಂ ಚೀಲದ ಗಂಟಿನ ಕಡೆ ಕಣ್ಣು ಇಳಿಸಿದರು. "ಇಲ್ಲಿಗೆ ಬಂದಿದ್ದು ಇಲ್ಲೇ ಇರುತ್ತೆ ಅಂತ ನನಗೆ ಅನ್ನಿಸಲಿಲ್ಲ," ಎಂದರು.

ಆ ಮಾತಿಗೆ ಸಾಹೇಬರ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂತಿತು. ಗುರುತು ಹೇಳಿ ಎಂದರು. ನೀಲಿ ಬಣ್ಣ ಎಂದರು ಮೇಡಂ. ಅದು ಚೀಲದ ಹೊರಗಿಂದಲೇ ಎಲ್ಲರಿಗೂ ಕಾಣುತ್ತೆ ಎಂದರು ಸಾಹೇಬರು. ಉಣ್ಣೆಯದು. ಅದೂ ಕಾಣುತ್ತೆ. ಬೇರೆಯವರಿಗೆ ಗೊತ್ತಾಗದ ಗುರುತು ಏನಾದರೂ ಇದ್ದರೆ ಹೇಳಬೇಕು, ಇಲ್ಲವಾದರೆ ಕೊಡಲು ಬರುವುದಿಲ್ಲ.

ಮೇಡಂ ಬಾಗಿಲ ಕಡೆ ನೋಡಿದರು. ಅಲ್ಲಿ ಅವರದೇ ಆಳುಗಳು, ಕಾವಲುಗಾರ, ಟಿಕೆಟ್ ಗುಮಾಸ್ತ, ಪ್ರಯಾಣಿಕರು ಒತ್ತಿಕೊಂಡು ನಿಂತಿದ್ದರು. ಇವರನ್ನೆಲ್ಲ ಸ್ವಲ್ಪ ಆಚೆ ಕಳಿಸಿ ಎಂದರು. ಕೌಂಟರಿನ ವ್ಯವಹಾರ ಬಹಿರಂಗವಾಗಿ ನಡೆಯಬೇಕೆಂದು ಕೇಂದ್ರ ಕಚೇರಿಯದೇ ಕಟ್ಟಳೆ ಎಂದರು ಸಾಹೇಬರು. ಇದೂ ಸುಳ್ಳಲ್ಲ.

ಸಂಸ್ಥೆಯಲ್ಲಿ ಪ್ರತಿಯೊಬ್ಬರ ಲೆಕ್ಕದಲ್ಲೂ ತಪ್ಪು ಹಿಡಿದ ಆ ಹೆಂಗಸು ದನಿ ತಗ್ಗಿಸಿ ಹೇಳಿದರು: "ಒಂದು ತೋಳು ಉದ್ದ ಆಗಿದೆ."

"ಯಾವುದು?"

"ಎಡಗಡೇದು."

ಕಿವಿ ಮಂದದ ಮುದುಕರು ಏನಂದ್ರು ಎಂದು ಕೇಳಿದರು. ಟಿಕೆಟ್ ಗುಮಾಸ್ತ ಅವರ ಕಿವಿಗೆ ಬಾಯಿಟ್ಟು, ಇಡೀ ನಿಲ್ದಾಣಕ್ಕೆ ಕೇಳುವಂತೆ, ಮೇಡಂ ಹೆಣೆದ ಸ್ವೆಟರಿನ ಎಡತೋಳು ಉದ್ದವಾಗಿದೆಯಂತೆ ಎಂದ. ಮುದುಕರು, ಬಿಚ್ಚಿ ಮತ್ತೆ ಹೆಣೆಯಬಹುದು, ಚಿಂತೆ ಇಲ್ಲ ಎಂದು ಮೇಡಂಗೆ ಸಮಾಧಾನ ಹೇಳಿದರು.

ಸಾಹೇಬರು ಚೀಲ ಬಿಚ್ಚಿ ಸ್ವೆಟರನ್ನು ಕೌಂಟರಿನ ಮೇಲೆ ಹರಡಿದರು. ತೋಳಿನ ಮೇಲೆ ತೋಳು ಇಟ್ಟು ಅಂಗೈಯಿಂದ ನೀವಿದರು. ಎಡತೋಳು ಒಂದು ಹಿಡಿಯಷ್ಟು ಮುಂದೆ ಚಾಚಿಕೊಂಡಿತ್ತು. ಸರಿಯಾಗಿದೆ, ನಿಮ್ಮದೇ ಎಂದು ಒಪ್ಪಿದರು. ಮೇಡಂ ಕೈ ಚಾಚಿದರು. ಸಾಹೇಬರು ಸ್ವೆಟರಿನ ಮೇಲಿಂದ ಕೈ ತೆಗೆಯಲಿಲ್ಲ.

"ಬಂದದ್ದರ ದಾಖಲೆ ನೋಡಿ, ಕೊಟ್ಟಿದ್ದೀನಿ ಅಂತ ಬರೀದೆ ನಾನು ಒಂದು ಗುಂಡಿಯನ್ನೂ ಆಚೆ ಬಿಡೋದಿಲ್ಲ. ದಾಖಲೆ ಕಂಪ್ಯೂಟರಲ್ಲಿದೆ," ಎಂದರು. "ಅದಕ್ಕೆ ಯಾರೋ ಸೀಲು ಹಾಕಿದ್ದಾರೆ."

ಮೇಡಂ ಸಾಹೇಬರನ್ನು ನೋಡಿದರು, ಸ್ವೆಟರನ್ನು ನೋಡಿದರು. ಆಮೇಲೆ ಹೋಗಿ, ತಾವೇ ರುಜು ಹಾಕಿದ ಟೇಪನ್ನು ತಾವೇ ಉಗುರಿನಿಂದ ಕೆರೆದು, ಪರಪರ ಕಿತ್ತರು.

ಬಟ್ಟೆ ಜಾರಿತು. ಪರದೆಯ ಮೇಲೆ ಸಮುದ್ರವೂ ಛತ್ರಿಗಳ ಪಟ್ಟಿಯೂ ಕಂಡವು. ಬಟ್ಟೆಬರೆ ಮೂರನೆಯದರಲ್ಲಿದೆ ಎಂದು ಗೊಣಗುತ್ತ ಸಾಹೇಬರು ಗುಂಡಿ ಒತ್ತಿದರು. ಸಮುದ್ರ ಎಡಕ್ಕೆ ಸರಿದುಹೋಗಿ ಬೆಟ್ಟ ಬಂತು. ಮತ್ತೊಮ್ಮೆ ಒತ್ತಿದರು. ಬೆಟ್ಟ ಹೋಗಿ ಕೋಟು ತೊಟ್ಟ ಸಾಹೇಬರು ಬಂದರು, ಎದೆಯ ಮೇಲೆ ಸ್ವೆಟರು, ಶಾಲು, ಕೈಗವಸುಗಳ ಪಟ್ಟಿ ಹರಡಿಕೊಂಡು.

ಮೇಡಂ ಕುತ್ತಿಗೆ ಮುಂದೆ ಚಾಚಿದರು. "ಮೊದಲಿಂದು ಎಲ್ಲಿ ಹೋಯ್ತು?"

ಸಾಹೇಬರು ಮಾತಾಡದೆ ಹಿಂದಕ್ಕೆ ಒತ್ತಿದರು. ಬೆಟ್ಟ ಬಂತು, ಸಮುದ್ರ ಬಂತು. ಛತ್ರಿಗಳ ಪಟ್ಟಿ ಎಲ್ಲಿತ್ತೋ ಅಲ್ಲೇ ಇತ್ತು. ಮೇಡಂ ಸಾಹೇಬರ ಕೈ ಸರಿಸಿ ತಾವೇ ಒತ್ತಿದರು. ಹಿಂದೆ ಒತ್ತಿದರು, ಮುಂದೆ ಒತ್ತಿದರು. ಬೆರಳು ಮಡಿಸಿ ಎಣಿಸಿದರು. ಬಾಗಿಲಲ್ಲಿದ್ದ ಆಳುಗಳನ್ನೂ ಕರೆದರು. ಅವರು ಬಂದು ನೋಡಿ, ಅವತ್ತು ಹಿಂದೆ ಮುಂದೆ ಕೆಳಗೆ ನೋಡಿದೆವು, ಇದರೊಳಗೆ ಮಾತ್ರ ನೋಡಲಿಲ್ಲ ಎಂದು ಒಪ್ಪಿಕೊಂಡರು.

"ಇವು ಮೂರಾದವು," ಎಂದರು ಮೇಡಂ. "ನಾಲ್ಕನೇದು?"

ಅದು ಖಾಸಗಿ ಎಂದು ಸಾಹೇಬರು ಹೇಳುವುದರೊಳಗೆ ಮೇಡಂ ಒತ್ತಿಯೂ ಆಗಿತ್ತು. ಅರ್ಧಕ್ಕೆ ನಿಂತ ಇಸ್ಪೀಟಾಟ ಪರದೆ ತುಂಬ ಹರಡಿಕೊಂಡಿತು. ಕಳ್ಳತನದ ಆರೋಪವನ್ನು ತಲೆ ಎತ್ತಿ ಎದುರಿಸಿದ್ದ ಸಾಹೇಬರು ಈಗ ತಮ್ಮ ಬೂಟನ್ನು ನೋಡಿಕೊಂಡರು.

ಮೇಡಂ ಕನ್ನಡಕ ಸರಿಮಾಡಿಕೊಂಡು ಎಲೆಗಳನ್ನು ಬಹಳ ಹೊತ್ತು ಪರಿಶೀಲಿಸಿದರು.

"ಆ ಕೆಂಪು ಎಂಟು ಕಪ್ಪು ಒಂಬತ್ತರ ಮೇಲೆ ಹೋಗುತ್ತೆ," ಎಂದರು.

ಸಾಹೇಬರು ನೋಡಿದರು. ಹೋಗುತ್ತಿತ್ತು. ಒಂದು ವಾರದಿಂದ ಅವರಿಗೆ ಅದು ಕಂಡಿರಲಿಲ್ಲ.

ದಾಖಲೆ ಬರೆದದ್ದಾಯಿತು, ಮೇಡಂ ರುಜು ಹಾಕಿದ್ದೂ ಆಯಿತು. ಸ್ವೆಟರು ಕೈಗೆ ಬಂದೊಡನೆ ಅವರು, ಈ ವಿಚಾರ ಇಲ್ಲಿಗೆ ಮುಗಿಯಿತು, ಮಾತಿನಲ್ಲಿ ಸ್ವಲ್ಪ ಗೊಂದಲವಾಗಿತ್ತು ಅಷ್ಟೆ ಎಂದು ಹೊರಡಲು ಸಿದ್ಧರಾದರು. ಸಾಹೇಬರು ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಕಳ್ಳ ಅಂದದ್ದು ಎಲ್ಲರ ಎದುರಿಗೆ ಮೇಡಂ. ಅಲ್ಲ ಅನ್ನೋದೂ ಎಲ್ಲರ ಎದುರಿಗೇ ಆಗಲಿ."

ತಾವು ಆ ಪದ ಬಳಸಿಲ್ಲ ಎಂದು ಮೇಡಂ ವಾದಿಸಲು ನೋಡಿದರು. ಸಾಹೇಬರು ಜಾಗ ಬಿಡಲಿಲ್ಲ. ಕೊನೆಗೆ ಮೇಡಂ ಕೌಂಟರಿನ ಆಚೆಯ ಜನಕ್ಕೆ ಮುಖಮಾಡಿ, ಈ ಮನುಷ್ಯರ ಹತ್ತಿರ ಇರಬೇಕಾದ್ದೆಲ್ಲ ಇದೆ, ನಾನು ಕಳೆದುಕೊಂಡದ್ದು ಕೂಡ ಇತ್ತು ಎಂದರು. ಟೈಲ್ಸ್ ಅಂಗಡಿಗೂ ಹೋಗಿ ಗಿರಾಕಿಗಳಿದ್ದ ಹೊತ್ತು ನೋಡಿ ಇದನ್ನೇ ಹೇಳಿ ಬರಬೇಕೆಂದು ಕಾವಲುಗಾರನಿಗೆ ಆಜ್ಞೆ ಮಾಡಿದರು. ಮುದುಕರು ಮತ್ತೆ ಏನಂದ್ರು ಎಂದು ಕೇಳಿದರು. ಈ ಸಲ ಗುಮಾಸ್ತನಿಗೆ ಆ ಕೆಲಸ ಬಿಡದೆ ಸಾಹೇಬರೇ ಅವರ ಕಿವಿಗೆ ಬಗ್ಗಿ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳಿದರು.

ಆದರೂ ಅವರು ಬಾಗಿಲಿಂದ ಸರಿಯಲಿಲ್ಲ.

"ಇನ್ನೇನು?" ಎಂದರು ಮೇಡಂ.

ಸಾಹೇಬರು ನೆಲದ ಕಡೆ ಕೈ ತೋರಿಸಿದರು. ಸೂಟ್‌ಕೇಸು, ಟೋಪಿ, ಚೀಲ, ಊರುಗೋಲು, ಛತ್ರಿ ಎಲ್ಲ ಕಾಲಿಡಲು ಜಾಗವಿಲ್ಲದಂತೆ ಬಿದ್ದಿದ್ದವು. ಆಳುಗಳು ಊಟದ ಹೊತ್ತಾಯಿತೆಂದು ಆಗಲೇ ಜಾಗ ಖಾಲಿ ಮಾಡಿದ್ದರು, ಕಾವಲುಗಾರ ಆಜ್ಞೆ ಪಾಲಿಸಲು ಹೊರಟುಹೋಗಿದ್ದ.

ಮೇಡಂ ನೀಲಿ ಸ್ವೆಟರಿನ ತೋಳುಗಳನ್ನು, ಉದ್ದದ್ದನ್ನೂ ಗಿಡ್ಡದ್ದನ್ನೂ, ಕುತ್ತಿಗೆಗೆ ಸುತ್ತಿ ಗಂಟು ಹಾಕಿಕೊಂಡರು. ಸ್ಟೂಲು ಎಳೆದು ಹತ್ತಿದರು. ಸಾಹೇಬರು ಕೆಳಗಿನಿಂದ ಕಂದು ಬಣ್ಣದ ಸೂಟ್‌ಕೇಸೊಂದನ್ನು ಎತ್ತಿ ಕೊಟ್ಟರು. ಮೇಡಂ ಅದನ್ನು ಕಪಾಟಿನ ನಡುವೆ ಇಟ್ಟರು.

"ಅಲ್ಲಲ್ಲ ಮೇಡಂ," ಎಂದರು ಸಾಹೇಬರು. "ಅದರ ಜಾಗ ಇನ್ನೂ ಎಡಕ್ಕೆ."

ಮೇಡಂ ಎಡಕ್ಕೆ ಸರಿಸಿದರು.